ಮೂಗಿನ ಮೇಲಿನ ಬೆರಳು

"ಗುರುಗಳೇ, ನನ್ನನ್ನು ಹಳಿದವನನ್ನು ಎಂದೋ ಕ್ಷಮಿಸಿದ್ದೇನೆ. ಸಿಟ್ಟು ಹೋಯಿತೇ ಎಂದು ದಿನವೂ ಮನಸ್ಸನ್ನು ತಡವಿ ನೋಡುತ್ತೇನೆ. ಅದು ಇನ್ನೂ ಅಲ್ಲೇ ಇದೆ. ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಬ್ಬ ಹೂವಾಡಗಿತ್ತಿ ಇದ್ದಳು. ತಾಯಿ ಬಿಟ್ಟುಹೋದ ಕೆಂಪು ಹರಳಿನ ಮೂಗುತಿ ಅವಳ ಪೆಟ್ಟಿಗೆಯಲ್ಲಿತ್ತು. ಅದನ್ನು ಇಟ್ಟುಕೊಳ್ಳುವ ಆಸೆ ಚಿಕ್ಕಂದಿನದು. ಮೂಗು ಚುಚ್ಚಿಸಿಕೊಳ್ಳುವ ಧೈರ್ಯ ಬಂದದ್ದು ತಲೆ ನರೆತ ಮೇಲೆ. ಅಕ್ಕಸಾಲಿ ಚುಚ್ಚಿ, ಚಿನ್ನದ ತಂತಿ ಹಾಕಿದ. "ಗಾಯ ಮಾಯಲಿ, ಆಮೇಲೆ ಮೂಗುತಿ ಇಡೋಣ. ಉಪ್ಪುನೀರಲ್ಲಿ ತೊಳಿ, ಒತ್ತಿ ಒರೆಸು, ಸುಮ್ನಿರು" ಎಂದ.

ಸುಮ್ಮನಿರುವುದೇ ಕಷ್ಟದ ಕೆಲಸ. ತಂತಿ ಅಂಟಿಕೊಂಡೀತೆಂದು ಅವಳು ಬೆಳಿಗ್ಗೆ ಎದ್ದವಳೇ ಅದನ್ನು ತಿರುಗಿಸುತ್ತಿದ್ದಳು. ಬದಿಯಲ್ಲಿ ಕೆಂಪು ಗುಳ್ಳೆ ಎದ್ದಿತು. ನೆರೆಹೊರೆಗೆ ಅಷ್ಟೇ ಸಾಕಾಯಿತು. ಅವಳ ಮೂಗಿನ ವಿಷಯದಲ್ಲಿ ಎಲ್ಲರೂ ಮೂಗು ತೂರಿಸಿದರು. ಒಬ್ಬಳು ಸುಣ್ಣ ಹಚ್ಚಿಸಿದಳು, ಇನ್ನೊಬ್ಬಳು ಬೆಳ್ಳುಳ್ಳಿ ಉಜ್ಜಿಸಿದಳು. ಗುಳ್ಳೆ ಕಾಳುಮೆಣಸಿನಷ್ಟಾಯಿತು. "ಈ ವಯಸ್ಸಲ್ಲಿ ಶೋಕಿ ಬೇಕಿತ್ತಾ? ಕಿತ್ತು ಬಿಸಾಕು" ಎಂದು ಬೀದಿಗೆ ಬೀದಿಯೇ ಆಡಿಕೊಂಡಿತು. ಕಿತ್ತರೆ ತೂತು ಮುಚ್ಚುತ್ತದೆ. ಮತ್ತೊಮ್ಮೆ ಚುಚ್ಚಿಸಿಕೊಳ್ಳುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ. ತಾಯಿಯ ಮೂಗುತಿ ಪೆಟ್ಟಿಗೆಯಲ್ಲೇ ಉಳಿಯುತ್ತದೆಂದು ಅವಳು ಅತ್ತಳು.

ಮರುದಿನ ಗಿರಾಕಿಯೊಬ್ಬಳು ಬುಟ್ಟಿಯ ಮಲ್ಲಿಗೆ ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಿ ನೋಡತೊಡಗಿದಳು.

"ಬೆರಳು ತೆಗಿಯಮ್ಮ. ಮುಟ್ಟಿ ಮುಟ್ಟಿ ನೋಡಿದ್ರೆ ಮೊಗ್ಗು ಅರಳಲ್ಲ, ಕಂದೋಗ್ತದೆ" ಎಂದು ಹೂವಾಡಗಿತ್ತಿ ಗದರಿದಳು.

"ನಿನ್ ಬೆರಳು ಎಲ್ಲೈತೆ ನೋಡ್ಕೊಳಕ್ಕ" ಎಂದಳು ಗಿರಾಕಿ.

ಅದು ತಂತಿಯ ಮೇಲಿತ್ತು. ಹೂವಾಡಗಿತ್ತಿಗೆ ನಗು ಬಂತು.

ಅಂದಿನಿಂದ ಸುಣ್ಣವಿಲ್ಲ, ಬೆಳ್ಳುಳ್ಳಿಯಿಲ್ಲ. ಉಪ್ಪುನೀರಲ್ಲಿ ತೊಳೆದು, ಶುಭ್ರವಾದ ಬಟ್ಟೆಯಲ್ಲಿ ಒತ್ತಿ, ಕೆಲಸಕ್ಕೆ ಕೂರುತ್ತಿದ್ದಳು. ಬೆರಳು ಚಡಪಡಿಸಿದಾಗಲೆಲ್ಲ ಇನ್ನೊಂದು ಮೊಳ ಹೂ ಕಟ್ಟಿದಳು. ಗುಳ್ಳೆ ಇಳಿಯಿತು. ಯಾವತ್ತು ಇಳಿಯಿತೆಂದು ಅವಳಿಗೇ ಗೊತ್ತಾಗಲಿಲ್ಲ.

ಗಾಯ ಪೂರ್ತಿ ಮಾಯ್ದ ಮೇಲೆ ಅಕ್ಕಸಾಲಿ ಮೂಗುತಿ ಇಟ್ಟ. ಅವಳು ತಲೆಯೆತ್ತಿಕೊಂಡು ಬೀದಿಯ ನಟ್ಟನಡುವೆ ನಡೆದು ಬಂದಳು. ಗೆದ್ದೆನೆಂದು ಅವಳ ಎದೆ ತುಂಬಿತ್ತು. ಆಡಿಕೊಂಡವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಅವಳೊಬ್ಬಳು ಇಡಲಿಲ್ಲ.

ಕತೆ ಮುಗಿಯಿತು. "ಅರ್ಥವಾಯಿತು ಗುರುಗಳೇ" ಎಂದ ಶಿಷ್ಯ. "ಆದರೆ ನನ್ನ ಸಿಟ್ಟು ಇಳಿಯುತ್ತಿದೆಯೋ ಇಲ್ಲವೋ, ನೋಡಿಕೊಳ್ಳುವುದು ಹೇಗೆ?"

"ಬೆರಳು ತೆಗೆಯಪ್ಪ" ಎಂದರು ಗುರು.