ಉಪ್ಪು ಸೇರಿದ ಹುಳಿಪುಡಿ

“ಗುರುಗಳೇ, ಬೇರೆಯವರು ಬರೆದದ್ದನ್ನು ನಂಬಬೇಕೋ, ಎಲ್ಲವನ್ನೂ ನಾವೇ ಬರೆದುಕೊಳ್ಳಬೇಕೋ?” ಎಂದು ಶಿಷ್ಯ ಕೇಳಿದ.

ಅವನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವನು. ಅದಕ್ಕೆ ಬೇಕಾದ ಎಷ್ಟೋ ತುಣುಕುಗಳನ್ನು ಯಾರು ಯಾರೋ ಬರೆದು ಎಲ್ಲರ ಉಪಯೋಗಕ್ಕೆ ಬಿಟ್ಟಿದ್ದರು. ಹೆಸರು ಹೇಳಿದರೆ ಸಾಕು, ಯಂತ್ರವೇ ತರಿಸಿ ಜೋಡಿಸುತ್ತಿತ್ತು. ನಿನ್ನೆ ಒಬ್ಬ ಪುಣ್ಯಾತ್ಮ ತನ್ನ ತುಣುಕನ್ನು ತಿದ್ದಿದ. ಇವತ್ತು ಶಿಷ್ಯನ ಪ್ರೋಗ್ರಾಂ ಮೇಲೇಳಲಿಲ್ಲ.

ಗುರು ನಕ್ಕರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಅವನು ಹುಳಿ ಮಾಡಿದ ದಿನ ಜನ ಎಲೆ ಬಿಟ್ಟು ಏಳುತ್ತಿರಲಿಲ್ಲ. ಹುಳಿಪುಡಿ ಮಾತ್ರ ಅವನದಲ್ಲ. ಕೆರೆಯ ಆಚೆ ಒಬ್ಬ ಅಜ್ಜಿ ಕುಟ್ಟುತ್ತಿದ್ದಳು. ಕೇಳಿದವರಿಗೆಲ್ಲ ಸುಮ್ಮನೆ ಕೊಡುತ್ತಿದ್ದಳು.

ದೇವಸ್ಥಾನದಲ್ಲಿ ಸಂತರ್ಪಣೆ ಬಂತು. ಅಡುಗೆಯವನು ಪುಡಿ ತಂದ. ಎಂದಿನಂತೆ ಕೊಪ್ಪರಿಗೆಗೆ ಸುರಿದ, ಎಂದಿನಂತೆ ಉಪ್ಪು ಹಾಕಿದ. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ನೋಡಲಿಲ್ಲ.

ಮೊದಲ ತುತ್ತಿಗೇ ಪಂಕ್ತಿ ಪೂರ್ತಿ ನೀರು ಕೇಳಿತು. “ಏನು ಭಟ್ಟರೇ, ಸಮುದ್ರವನ್ನೇ ಬಡಿಸಿದಿರಲ್ಲ!” ಎಂದ ಒಬ್ಬ. ಧರ್ಮದರ್ಶಿಗಳು ಪಕ್ಕಕ್ಕೆ ಕರೆದರು. ಮುಂದಿನ ಸಲವೂ ಹೀಗಾದರೆ ಸೌಟು ಬೇರೆಯವರ ಕೈಗೆ ಎಂದರು.

ಅಡುಗೆಯವನು ಅಜ್ಜಿಯ ಮನೆಗೆ ಓಡಿದ. “ಅಜ್ಜೀ, ಪುಡಿಗೆ ಏನು ಹಾಕಿದಿರಿ?”

“ಉಪ್ಪು ಕಣೋ. ನಿನಗೊಂದು ಕೆಲಸ ಕಡಿಮೆಯಾಗಲಿ ಅಂತ ಈ ಸಲ ಜೊತೆಗೇ ಕುಟ್ಟಿಬಿಟ್ಟೆ. ಚೆನ್ನಾಗಿತ್ತಾ?”

ಅಡುಗೆಯವನು ಬಂದ ದಾರಿಯಲ್ಲೇ ತಿರುಗಿದ. ಇನ್ನು ಯಾರ ಹಂಗೂ ಬೇಡ ಎಂದುಕೊಂಡು ಮನೆಗೆ ಬಂದ. ಹಿತ್ತಿಲು ಅಗೆದು ಕೊತ್ತಂಬರಿ ಬಿತ್ತಿದ. ಮೆಣಸಿನ ಸಸಿ ನೆಟ್ಟ. ಇಂಗಿನ ಗಿಡ ಎಲ್ಲಿ ಸಿಗುತ್ತದೆ ಎಂದು ಕಂಡಕಂಡವರನ್ನು ಕೇಳಿದ. ಮುಂದಿನ ಸಂತರ್ಪಣೆ ಹತ್ತಿರ ಬಂತು; ಕೊತ್ತಂಬರಿ ಇನ್ನೂ ಹೂವಿನಲ್ಲಿತ್ತು.

ಹೆಂಡತಿ ಬಂದು ನೋಡಿದಳು. “ಹುಳಿಗೆ ಹೂವು ಮುಡಿಸುತ್ತೀರೇನು?”

ಅವನಿಗೇ ನಗು ಬಂತು. ಇಬ್ಬರೂ ನಕ್ಕರು. ಆ ನಗು ಮನೆಯಲ್ಲಿ ಬಹಳ ಹೊತ್ತು ಇತ್ತು.

ಆಮೇಲೆ ಅವಳು ಹೇಳಿದಳು, “ರುಚಿ ನೋಡಬಾರದ್ದು ದೇವರ ಹುಳಿ. ನಮ್ಮ ಮನೆಯ ಹುಳಿಗೇನು ಬಂತು?”

ಅವನು ಅಜ್ಜಿಯಿಂದ ಒಂದು ಚೀಲ ಪುಡಿ ತಂದ. ಅದರಿಂದ ಒಂದು ಹಿಡಿ ತೆಗೆದು ಮನೆಯಲ್ಲಿ ಸ್ವಲ್ಪವೇ ಹುಳಿ ಮಾಡಿದ. ಗಂಡ ಹೆಂಡತಿ ಕೂತು ಉಂಡರು. ಬೇರೆ ಉಪ್ಪು ಬೇಕಿರಲಿಲ್ಲ. ಚೀಲದ ಬಾಯಿ ಕಟ್ಟಿ ತೊಲೆಗೆ ತೂಗುಹಾಕಿದ. ಸಂತರ್ಪಣೆಯ ದಿನ ಅದೇ ಚೀಲ ಬಿಚ್ಚಿದ, ಬೇರೆ ಯಾವುದನ್ನೂ ಅಲ್ಲ. ಉಪ್ಪಿನ ಮರಿಗೆಯ ಕಡೆ ತಿರುಗಿಯೂ ನೋಡಲಿಲ್ಲ.

ಜನ ಅನ್ನದಲ್ಲಿ ಗುಂಡಿ ಮಾಡಿ ಹುಳಿ ಹಾಕಿಸಿಕೊಂಡರು. ಸಮುದ್ರ ಎಂದವನು ಎಲೆ ಬಳಿದು, “ಭಟ್ಟರೇ, ಈ ಕಡೆ, ಈ ಕಡೆ!” ಎಂದು ಕೂಗಿದ. ಧರ್ಮದರ್ಶಿಗಳು ಬೆರಳು ನೆಕ್ಕಿದರು. ಕೊಪ್ಪರಿಗೆಯಲ್ಲಿ ಸೌಟು ತಳ ಕೆರೆಯಿತು.

ಶಿಷ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ! ಮನೆಯಲ್ಲಿ ರುಚಿ ನೋಡಿದ ಚೀಲವನ್ನೇ ಬಿಚ್ಚಬೇಕು. ಹೊಸದು ಬಂದರೆ ಅದನ್ನೂ ಮೊದಲು ಮನೆಯಲ್ಲೇ ನೋಡಬೇಕು. ಇವತ್ತೇ ಹಾಗೆ ಮಾಡುತ್ತೇನೆ. ಅಂತೂ ಎಲ್ಲರೂ ಹೊಟ್ಟೆ ತುಂಬ ಉಂಡರಲ್ಲ!”

“ಆ ಪಂಕ್ತಿಯಲ್ಲಿ ಅಜ್ಜಿ ಎಲ್ಲಿ ಕೂತಿದ್ದಳು?” ಎಂದರು ಗುರು.