ಬೆಲ್ಲದ ವ್ಯಾಪಾರಿಯ ಹೊಸ ಮನೆ

“ಗುರುಗಳೇ, ಅಣ್ಣನೊಡನೆ ಜಗಳವಾಡಿ ಮನೆ ಬಿಟ್ಟು ಬಂದೆ. ಮೂರು ತಿಂಗಳಿಂದ ಕೋಣೆಯ ಬಾಗಿಲು ಹಾಕಿಕೊಂಡು ಜಪಕ್ಕೆ ಕೂತಿದ್ದೇನೆ. ಅಣ್ಣ ಎರಡು ಸಲ ಮಠಕ್ಕೆ ಬಂದರೂ ಮುಖ ನೋಡಲಿಲ್ಲ. ಆದರೂ ಸಿಟ್ಟು ದಿನದಿನಕ್ಕೆ ಹೆಚ್ಚುತ್ತಿದೆ. ಎಲ್ಲಿಂದ ಬರುತ್ತಿದೆ ಇದು?” ಎಂದು ಶಿಷ್ಯ ಮುರಿಗೆಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಮಗಳ ಚೊಚ್ಚಲ ಹೆರಿಗೆ ಹೊಸ ಮನೆಯಲ್ಲೇ ಆಗಲೆಂದು ಅವಸರದಲ್ಲಿ ಮನೆ ಕಟ್ಟಿಸಿದ. ಆತುರಗಾರನಿಗೆ ಬುದ್ಧಿ ಮಟ್ಟ. ಗಾರೆ ಆರುವ ಮೊದಲೇ ಹಾಲುಕ್ಕಿಸಿ ಒಳಗೆ ಬಂದ.

ಮನೆ ಕಟ್ಟಿದ ಗೌಂಡಿ ಬೇಡಿಕೊಂಡ. “ಸಾವಕಾರ್ರ, ಈ ಗೋಡಿ ಕೊಡಗಟ್ಟಲೆ ನೀರು ಕುಡಿದಾವ್ರಿ. ಒಂದು ಬೇಸಗಿ ಬಾಗಿಲು ಕಿಟಕಿ ತೆರೆದಿಡ್ರಿ. ಆಮ್ಯಾಲ ಬಂದು ಇರ್ರಿ.”

“ಬೆಲ್ಲ ಕೆಡದಂಗ ಕಾದು ತಲಿ ಹಣ್ಣಾಗೇತಿ. ಥಂಡಿ ಹ್ಯಾಂಗ ತಡೀಬೇಕಂತ ನನಗ ಹೇಳಿಕೊಡ್ತೀಯೇನು?” ಎಂದ ವ್ಯಾಪಾರಿ.

ಅವನ ಕಸುಬು ಕಲಿಸಿದ್ದು ಒಂದೇ ಪಾಠ. ಹಸಿ ಗಾಳಿ ಸೋಕದಂತೆ ಮುಚ್ಚಿಟ್ಟರೆ ಬೆಲ್ಲ ಉಳಿಯುತ್ತದೆ. ಮಗಳು ಗಂಡು ಕೂಸು ಹೆತ್ತಳು. ಬಾಣಂತಿಗೆ ಗಾಳಿ ತಾಗಬಾರದೆಂದು ಅವನು ಕಿಟಕಿ ಮುಚ್ಚಿದ. ಗೋಡೆ ಬೆವರಿತು. ಎಲ್ಲಿಂದಲೋ ಥಂಡಿ ನುಗ್ಗುತ್ತಿದೆಯೆಂದು ಸಂದಿಗೆ ಅರಳೆ ತುರುಕಿದ. ಗೂಡಿನಲ್ಲಿಟ್ಟ ಬೆಲ್ಲದ ಅಚ್ಚು ನೀರು ಬಿಟ್ಟಿತು. ಬಾಗಿಲಿಗೂ ಗೋಣಿ ಕಟ್ಟಿದ. ಹಾಸಿಗೆಗೆ ಬೂಷ್ಟು ಹಿಡಿಯಿತು, ಕೂಸಿನ ಎದೆ ಗೊರಗೊರ ಎನ್ನತೊಡಗಿತು.

“ಅಪ್ಪಾ, ಒಂದು ಕಿಟಕಿ ಆದ್ರೂ ತಗಿ, ಉಸಿರು ಕಟ್ಟಾಕತ್ತೈತಿ” ಎಂದು ಮಗಳು ಅತ್ತಳು. ಅವನು ತೆಗೆಯಲಿಲ್ಲ. ಮಗಳನ್ನೂ ಮೊಮ್ಮಗನನ್ನೂ ಕಾಯುತ್ತಿದ್ದೇನೆಂದೇ ಪಾಪ, ಅವನ ನಂಬಿಕೆ. ತೊಟ್ಟಿಲಿಗೆ ಹಾಕಬೇಕಾದ ದಿನವೇ ಕೂಸನ್ನು ಮಣ್ಣಿಗೆ ಹಾಕಿದರು.

ಮಣ್ಣು ಮಾಡಿ ಬಂದ ವ್ಯಾಪಾರಿ ಗೌಂಡಿಯ ಕೈ ಹಿಡಿದುಕೊಂಡ. “ಸೂಜಿ ಹೋಗುವಷ್ಟು ಸಂದಿ ಬಿಟ್ಟಿರಲಿಲ್ಲೋ. ಆ ಥಂಡಿ ಎಲ್ಲಿಂದ ಬಂತು?”

ಗೌಂಡಿ ತಲೆ ತಗ್ಗಿಸಿದ. “ಹೊರಗಿಂದ ಬರಲಿಲ್ರಿ ಸಾವಕಾರ್ರ. ಗೋಡಿ ಒಳಗ ಇತ್ತು. ಹೊರಗ ಹೋಗಾಕ ನೀವು ದಾರಿ ಕೊಡಲಿಲ್ಲ.”

ಕತೆ ಮುಗಿಯಿತು. ಗುರುಗಳು ಏಳುತ್ತ ಹೇಳಿದರು:

“ನಿನ್ನಣ್ಣ ಬೆಳಿಗ್ಗೆಯಿಂದ ಮಠದ ಬಾಗಿಲಲ್ಲಿ ಕೂತಿದ್ದಾನೆ.”