ಅಂಗಾತ ಬಿದ್ದ ಆಮೆಯ ತನಿಖೆ

ಕಾಡಿನ ಹೊಳೆಯ ದಂಡೆಯಲ್ಲಿ ಒಂದು ಮುದಿ ಆಮೆ ಇತ್ತು. ಯಾರು ಏನು ಮಾಡಿದರೂ "ಯಾಕೆ ಮಾಡಿದೆ?" ಎಂದು ಬುಡ ಕೆದಕುವುದು ಅದರ ಚಾಳಿ. ಮಕ್ಕಳೇ, ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದಾರು!

ಒಂದು ಬೆಳಿಗ್ಗೆ ಬಂಡೆ ಹತ್ತುವಾಗ ಕಾಲು ಜಾರಿ ಆಮೆ ಅಂಗಾತ ಬಿತ್ತು. ಎಷ್ಟು ಒದ್ದಾಡಿದರೂ ಮಗುಚಿಕೊಳ್ಳಲು ಆಗಲಿಲ್ಲ. ಬಿಸಿಲು ಏರುತ್ತಿತ್ತು. ಹಾಗೇ ಬಿದ್ದಿದ್ದರೆ ಮಧ್ಯಾಹ್ನದೊಳಗೆ ಪ್ರಾಣ ಹೋಗುವುದು ಖಂಡಿತ.

ಮರದಿಂದ ಮುಸುವ ಎಂಬ ಕರಿಮೂತಿಯ ಕೋತಿ ಇಳಿದು ಓಡಿಬಂತು. ದಿನವೂ ಹುತ್ತದ ಮುಂದೆ ಹಣ್ಣಿಟ್ಟು ಕೈಮುಗಿದ ಮೇಲೆಯೇ ತಾನು ತಿನ್ನುವ ಪ್ರಾಣಿ ಅದು.

"ತಡಿ ಅಜ್ಜ, ಎತ್ತುತ್ತೇನೆ."

"ಯಾಕೆ ಎತ್ತುತ್ತೀಯ?"

"ಬಿದ್ದವರನ್ನು ಎತ್ತಿದರೆ ದೇವರು ಮೆಚ್ಚುತ್ತಾನೆ."

"ಓಹೋ! ನೀನು ಬಂದದ್ದು ಪುಣ್ಯಕ್ಕೆ, ನನಗಾಗಿ ಅಲ್ಲ. ನಡಿ ಆಚೆ!"

ಮುಸುವ ಮುಖ ಸಣ್ಣದು ಮಾಡಿಕೊಂಡು ಪಕ್ಕಕ್ಕೆ ಸರಿಯಿತು. ಅಷ್ಟರಲ್ಲಿ ನೀರುನಾಯಿ ಹೊಳೆಯಿಂದ ಮೇಲೆ ಬಂತು. ಅದಕ್ಕೆ ದೇವರು ದಿಂಡರ ಗೊಡವೆಯೇ ಇಲ್ಲ.

"ನೀನು ಯಾಕೆ ಬಂದೆ?" ಎಂದಿತು ಆಮೆ.

"ನೀನು ಒದ್ದಾಡುವುದನ್ನು ನೋಡಲಾಗಲಿಲ್ಲ, ಬಂದೆ."

"ದೇವರ ಭಯವೇ ಇಲ್ಲದವನು! ಅರ್ಧಕ್ಕೆ ಬಿಟ್ಟು ಮೀನಿನ ಹಿಂದೆ ಓಡಿದರೆ ನಿನ್ನನ್ನು ಕೇಳುವವರು ಯಾರು? ನೀನೂ ನಡಿ!"

ಬೆನ್ನು ಕೆಳಗೆ, ಹೊಟ್ಟೆ ಮೇಲೆ. ಆದರೂ ಜಂಬ ನೋಡಿ! ನನಗಂತೂ ಸಿಟ್ಟೇ ಬರುತ್ತದೆ.

ಬಂಡೆ ಕಾದಿತು. ಆಮೆಯ ಗಂಟಲು ಒಣಗಿತು, ಕಾಲುಗಳು ಜೋತುಬಿದ್ದವು. ಇನ್ನೊಂದು ಪ್ರಶ್ನೆ ಕೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ.

ದೂರ ಹೋಗದೆ ಅಲ್ಲೇ ನಿಂತಿದ್ದ ನೀರುನಾಯಿ ಓಡಿಬಂದು ಆಮೆಯನ್ನು ಮೂತಿಯಿಂದ ತಳ್ಳಿತು. ಆಮೆ ಮಗುಚುವ ಬದಲು ಬಂಡೆಯ ಮೇಲೆ ತಟ್ಟೆಯಂತೆ ಗಿರ್ರನೆ ತಿರುಗಿತು.

"ಒಬ್ಬನಿಂದ ಆಗುವ ಕೆಲಸ ಅಲ್ಲ ಮಾರಾಯ. ನೀನು ಆ ಕಡೆ ಹಿಡಿ!"

"ದೇವರೇ, ಕಾಪಾಡಪ್ಪಾ!" ಎಂದು ಮುಸುವ ಚಿಪ್ಪನ್ನು ಗಟ್ಟಿಯಾಗಿ ಹಿಡಿಯಿತು.

"ಅವನನ್ನು ಆಮೇಲೆ ಕರಿ, ಈಗ ಎಳಿ!" ಎಂದು ನೀರುನಾಯಿ ಮತ್ತೆ ತಳ್ಳಿತು.

ಆಮೆ ಮಗುಚಿತು. ಜಾರಿ ದುಡುಮ್ಮೆಂದು ಹೊಳೆಗೆ ಬಿತ್ತು. ಅಬ್ಬಾ, ಎಂಥ ತಂಪು! ಹೋದ ಜೀವ ಬಂದಂತಾಯಿತು.

ಸ್ವಲ್ಪ ಹೊತ್ತಿಗೆ ಆಮೆ ನೀರಿನಿಂದ ತಲೆ ಎತ್ತಿತು. ದಂಡೆಯಲ್ಲಿ ಇಬ್ಬರೂ ಏದುಸಿರು ಬಿಡುತ್ತಾ ತನ್ನನ್ನೇ ನೋಡುತ್ತಿದ್ದರು.

"ಯಾರ ಕೈ ಎಷ್ಟು ಎಳೆಯಿತು, ಯಾರ ಮೂತಿ ಎಷ್ಟು ತಳ್ಳಿತು, ನನ್ನ ಚಿಪ್ಪಿಗೆ ಗೊತ್ತಾಗಲೇ ಇಲ್ಲ ಮಕ್ಕಳಾ. ನಿಮ್ಮಲ್ಲಿ ಒಬ್ಬರು ನನ್ನ ಮಾತು ಕೇಳಿ ಮನೆಗೆ ಹೋಗಿದ್ದರೂ ನಾನು ಉಳಿಯುತ್ತಿರಲಿಲ್ಲ" ಎಂದು ಆಮೆ ಕಣ್ಣೀರು ಹಾಕಿತು.

ನೀತಿ: ದೇವರನ್ನು ನೆನೆದು ಮಾಡಿದರೂ ಸರಿ, ಮನಸ್ಸು ಕರಗಿ ಮಾಡಿದರೂ ಸರಿ, ಕಷ್ಟದಲ್ಲಿ ಇರುವವರನ್ನು ಉಳಿಸುವುದು ಆ ನೆರವೇ.